ಕವಿವರ ಬನಾರಸೀದಾಸರ ಅರ್ಧಜೀವನ

ವ್ರತವನ್ನು ಕೈಗೊಳ್ಳುವುದು ಕಷ್ಟವಲ್ಲ. ಕೈಗೊಂಡ ವ್ರತದ ತಿರುಳನ್ನು ಅರಿಯುವುದು ಕಷ್ಟ. ಹುಟ್ಟಿದ ಮನೆಯ ರೂಢಿಯೆಂದು ಬಾಲ್ಯದಲ್ಲಿ ಹಿಡಿದ ನಿಯಮವು ಯೌವನದಲ್ಲಿ ಭಾರವೆನಿಸುವುದುಂಟು, ನಡುವಯಸ್ಸಿನಲ್ಲಿ ನಿರರ್ಥಕವೆನಿಸುವುದೂ ಉಂಟು. ಈ ಮೂರು ಅವಸ್ಥೆಗಳನ್ನೂ ತಮ್ಮ ಬಾಳಿನಲ್ಲಿ ಕಂಡು, ನಾಲ್ಕನೆಯದಾಗಿ ಅದೇ ನಿಯಮದ ನಿಜವಾದ ಸ್ಥಾನವನ್ನು ಅರಿತು, ಈ ಎಲ್ಲವನ್ನೂ ಮರೆಮಾಚದೆ ಬರೆದಿಟ್ಟ ಶ್ರಾವಕರೊಬ್ಬರು ಮೊಗಲರ ಕಾಲದ ಆಗ್ರಾ ನಗರದಲ್ಲಿ ಬಾಳಿದ್ದರು. ಅವರೇ ಕವಿವರ ಬನಾರಸೀದಾಸರು.

ತೀರ್ಥಂಕರರ, ಚಕ್ರವರ್ತಿಗಳ, ಆಚಾರ್ಯರ ಚರಿತ್ರೆಗಳಿಗೆ ಜೈನ ಸಾಹಿತ್ಯದಲ್ಲಿ ಕೊರತೆಯಿಲ್ಲ. ಆದರೆ ಲಾಭನಷ್ಟಗಳ ನಡುವೆ ಸಂಸಾರ ಸಾಗಿಸಿದ ಒಬ್ಬ ಸಾಮಾನ್ಯ ವರ್ತಕನು ತನ್ನ ಕಥೆಯನ್ನು ತಾನೇ ಹೇಳಿಕೊಂಡ ಗ್ರಂಥವು ಅತ್ಯಂತ ವಿರಳ. ಬನಾರಸೀದಾಸರು ವಿಕ್ರಮ ಸಂವತ್ 1698ರಲ್ಲಿ, ಎಂದರೆ ಕ್ರಿ.ಶ. 1641ರಲ್ಲಿ, ಮಧ್ಯದೇಶದ ಆಡುಮಾತಿನಲ್ಲಿ 675 ಪದ್ಯಗಳ ಅಂತಹ ಕೃತಿಯೊಂದನ್ನು ರಚಿಸಿದರು. ಆಗ ಅವರಿಗೆ ಐವತ್ತೈದು ವರ್ಷ. ಮನುಷ್ಯನ ಪೂರ್ಣಾಯುಷ್ಯವು ನೂರಹತ್ತು ವರ್ಷವೆಂಬ ಎಣಿಕೆಯಿಂದ ತಮ್ಮದು ಅರ್ಧ ಕಥೆಯೆಂದು ಭಾವಿಸಿ, ಅದಕ್ಕೆ ‘ಅರ್ಧಕಥಾನಕ’ವೆಂದು ಹೆಸರಿಟ್ಟರು. ಭಾರತೀಯ ಭಾಷೆಗಳ ಆತ್ಮಚರಿತ್ರೆಗಳಲ್ಲಿ ಅತಿ ಪ್ರಾಚೀನವಾದವುಗಳ ಸಾಲಿನಲ್ಲಿ ಈ ಗ್ರಂಥವನ್ನು ವಿದ್ವಾಂಸರು ಎಣಿಸುತ್ತಾರೆ.

ವಂಶ ಮತ್ತು ಬಾಲ್ಯ

ಬನಾರಸೀದಾಸರದು ಶ್ರೀಮಾಲ ಕುಲ. ಪಿತಾಮಹರಾದ ಮೂಲದಾಸರು ಮಾಳವ ಪ್ರಾಂತದ ನರವರದಲ್ಲಿ ಒಬ್ಬ ಮೊಗಲ ಅಧಿಕಾರಿಯ ಬಳಿ ಮೋದಿಯಾಗಿದ್ದರು. ಅವರು ತೀರಿಕೊಂಡಾಗ ಆ ಅಧಿಕಾರಿಯು ಮನೆಯ ಆಸ್ತಿಯೆಲ್ಲವನ್ನೂ ವಶಪಡಿಸಿಕೊಂಡನು. ವಿಧವೆಯಾದ ತಾಯಿಯು ಬಾಲಕ ಖರಗಸೇನನನ್ನು ಕರೆದುಕೊಂಡು ಜೌನಪುರದ ತವರಿಗೆ ಬಂದು ಸೇರಿದಳು. ಅಲ್ಲಿ ಬೆಳೆದ ಖರಗಸೇನರು ಬಂಗಾಳದಲ್ಲಿಯೂ ಆಗ್ರಾದಲ್ಲಿಯೂ ದುಡಿದು, ಕಡೆಗೆ ಜೌನಪುರದಲ್ಲಿಯೇ ರತ್ನಗಳ ವ್ಯಾಪಾರವನ್ನು ನೆಲೆಗೊಳಿಸಿದರು. ಮೊದಲ ಮಗು ಉಳಿಯಲಿಲ್ಲ. ಸಂವತ್ 1643ರ ಮಾಘಮಾಸದಲ್ಲಿ, ಸಾಮಾನ್ಯವಾಗಿ ಕ್ರಿ.ಶ. 1586 ಎಂದು ಎಣಿಸುವ ವರ್ಷದಲ್ಲಿ, ಇನ್ನೊಂದು ಗಂಡು ಮಗು ಜನಿಸಿತು. ಅದಕ್ಕೆ ವಿಕ್ರಮಾಜಿತನೆಂದು ಹೆಸರಿಟ್ಟಿದ್ದರು. ತಂದೆತಾಯಿಗಳು ಮಗುವನ್ನೆತ್ತಿಕೊಂಡು ಭಗವಾನ್ ಪಾರ್ಶ್ವನಾಥನ ಜನ್ಮಭೂಮಿಯಾದ ಬನಾರಸಿಗೆ ಯಾತ್ರೆ ಹೋದಾಗ, ಅಲ್ಲಿನ ಅರ್ಚಕನ ಮಾತಿನಂತೆ ಆ ಕ್ಷೇತ್ರದ ಹೆಸರನ್ನೇ ಮಗುವಿಗೆ ಇಡಲಾಯಿತು.

ಎಂಟನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ, ಹನ್ನೊಂದನೆಯ ವಯಸ್ಸಿನಲ್ಲಿ ಖೈರಾಬಾದಿನ ಕನ್ಯೆಯೊಂದಿಗೆ ವಿವಾಹ. 1598ರಲ್ಲಿ ಜೌನಪುರದ ನವಾಬ ಕಿಲೀಜ್‌ಖಾನನು ನಗರದ ರತ್ನವರ್ತಕರನ್ನು ಹಿಡಿಸಿ ಸೆರೆಯಲ್ಲಿಟ್ಟು ಹೊಡೆಸಿದನು. ಬಿಡುಗಡೆಯಾದ ವರ್ತಕರು ಕುಟುಂಬಸಹಿತ ಊರು ಬಿಟ್ಟು ಚದುರಿದರು. ಖರಗಸೇನರ ಸಂಸಾರವೂ ಊರೂರು ಅಲೆಯಿತು. ಸಂಪತ್ತು ಎಷ್ಟು ಚಂಚಲವೆಂಬುದನ್ನು ಬಾಲಕನು ಶಾಸ್ತ್ರದಿಂದ ಕಲಿಯುವ ಮೊದಲೇ ಕಣ್ಣಾರೆ ಕಂಡನು. ಆದರೆ ಕಂಡದ್ದು ಮನಸ್ಸಿಗೆ ಇಳಿಯಲು ಬಹುಕಾಲ ಬೇಕಾಯಿತು.

ಚೌಕಾಸಿಯ ವ್ರತಗಳು

ಹದಿನಾಲ್ಕನೆಯ ವಯಸ್ಸಿನಲ್ಲಿ ಬನಾರಸೀದಾಸರು ಪಂಡಿತ ದೇವದತ್ತರಲ್ಲಿ ನಿಘಂಟು, ಜ್ಯೋತಿಷ್ಯ, ಅಲಂಕಾರಶಾಸ್ತ್ರಗಳನ್ನು ಓದಿದರು. ಖರತರ ಗಚ್ಛದ ಮುನಿ ಭಾನುಚಂದ್ರರಲ್ಲಿ ಸಾಮಾಯಿಕ, ಪ್ರತಿಕ್ರಮಣಾದಿ ಕ್ರಿಯೆಗಳನ್ನು ಕಲಿತರು. ಅದೇ ಕಾಲದಲ್ಲಿ ಪ್ರಣಯದ ಗೀಳಿಗೂ ಬಿದ್ದರು. ಹಗಲು ಉಪಾಶ್ರಯದಲ್ಲಿ ಮುನಿಗಳ ಸನ್ನಿಧಿ, ಉಳಿದ ವೇಳೆಯಲ್ಲಿ ಶೃಂಗಾರಪ್ರಧಾನವಾದ ಕಾವ್ಯರಚನೆ. ಸಾವಿರ ಪದ್ಯಗಳ ಒಂದು ಹೊತ್ತಗೆಯೇ ಸಿದ್ಧವಾಯಿತು. ಮಾವನ ಮನೆಗೆ ಹೋದಾಗ ಮೈಯೆಲ್ಲ ಹುಣ್ಣಾಗುವ ರೋಗವೊಂದು ಅವರನ್ನು ಹಿಡಿಯಿತು. ಬಂಧುಮಿತ್ರರು ಹತ್ತಿರ ಸುಳಿಯದಿದ್ದಾಗ ಪತ್ನಿ ಮತ್ತು ಅತ್ತೆ ಇಬ್ಬರೇ ಶುಶ್ರೂಷೆ ಮಾಡಿದರು. ಕಡೆಗೆ ಒಬ್ಬ ನಾಪಿತನ ಔಷಧದಿಂದ ರೋಗವು ಗುಣವಾಯಿತು.

ಧನದ ಆಸೆಯೂ ಅವರನ್ನು ಕುಣಿಸಿತು. ಒಬ್ಬ ಸಂನ್ಯಾಸಿಯು ಮಂತ್ರವೊಂದನ್ನು ಉಪದೇಶಿಸಿ, ಒಂದು ವರ್ಷ ಗುಟ್ಟಾಗಿ ಜಪಿಸಿದರೆ ಆಮೇಲೆ ದಿನವೂ ಬಾಗಿಲಿನಲ್ಲಿ ಒಂದು ಚಿನ್ನದ ನಾಣ್ಯ ದೊರೆಯುವುದೆಂದು ನಂಬಿಸಿದನು. ವರ್ಷ ತುಂಬಿತು, ನಾಣ್ಯ ಬರಲಿಲ್ಲ. ಬಳಿಕ ಒಬ್ಬ ಜೋಗಿಯು ಶಂಖವೊಂದನ್ನು ಕೊಟ್ಟು, ಅದು ಸಾಕ್ಷಾತ್ ಸದಾಶಿವನೆಂದು ಹೇಳಿದನು. ಶ್ರಾವಕರ ಮನೆಯ ಮಗನು ಮನೆಯವರ ಕಣ್ಣು ತಪ್ಪಿಸಿ ಆ ಶಂಖವನ್ನು ನಿತ್ಯವೂ ಪೂಜಿಸತೊಡಗಿದನು.

ಇದರ ನಡುವೆಯೇ ವ್ರತವೂ ನಡೆಯಿತೆಂಬುದು ಗಮನಿಸತಕ್ಕ ಸಂಗತಿ. ಸಂವತ್ 1661ರಲ್ಲಿ, ಕ್ರಿ.ಶ. 1604ರಲ್ಲಿ, ಖರಗಸೇನರು ಹೀರಾನಂದ ಮುಕೀಮರ ಸಂಘದೊಡನೆ ಸಮ್ಮೇದಶಿಖರದ ಯಾತ್ರೆಗೆ ಹೋದರು. ಆಗ ಮಗನು ಬನಾರಸಿಯ ಪಾರ್ಶ್ವನಾಥನ ದರ್ಶನವಾಗುವ ತನಕ ಹಾಲು, ಮೊಸರು, ತುಪ್ಪ, ಅಕ್ಕಿ, ಕಡಲೆ, ಎಣ್ಣೆ, ತಾಂಬೂಲ, ಪುಷ್ಪ ಇವನ್ನೆಲ್ಲ ತ್ಯಜಿಸುವುದಾಗಿ ನಿಯಮ ತೊಟ್ಟನು. ತಿಂಗಳುಗಳ ಕಾಲ ನಿಯಮವು ಭಂಗವಿಲ್ಲದೆ ಸಾಗಿತು. ಕಾರ್ತಿಕ ಹುಣ್ಣಿಮೆಗೆ ಯಾತ್ರಿಕರ ಜೊತೆ ಬನಾರಸಿಗೆ ಹೋಗಿ, ತ್ಯಜಿಸಿದ ವಸ್ತುಗಳನ್ನೇ ಒಪ್ಪಿಸಿ ಭಗವಂತನನ್ನು ಪೂಜಿಸಿದ್ದೂ ಆಯಿತು. ಆದರೆ ಶಂಖದ ಪೂಜೆ ಮಾತ್ರ ನಿಲ್ಲಲಿಲ್ಲ. ಒಂದೇ ಮನಸ್ಸು ಒಂದು ಕಡೆ ಪಾರ್ಶ್ವನಾಥನಿಗಾಗಿ ತುಪ್ಪವನ್ನು ಬಿಟ್ಟಿತು, ಇನ್ನೊಂದು ಕಡೆ ಸಿರಿಗಾಗಿ ಶಂಖವನ್ನು ಹಿಡಿಯಿತು. ನಾಲಗೆಗೆ ಸಂಯಮವಿದ್ದಿತು, ಶ್ರದ್ಧೆಗೆ ನೆಲೆಯಿರಲಿಲ್ಲ. ಆಕಾಂಕ್ಷೆಯ ಮೇಲೆ ನಿಂತ ತ್ಯಾಗವು ವ್ಯಾಪಾರದ ಮುಂಗಡ ಹಣವಿದ್ದಂತೆ. ಸರಕು ಬಾರದಿದ್ದರೆ ವರ್ತಕನು ಅಂಗಡಿಯನ್ನು ಬದಲಾಯಿಸುತ್ತಾನೆ.

1605ರ ಅಕ್ಟೋಬರಿನಲ್ಲಿ ಅಕ್ಬರ್ ಚಕ್ರವರ್ತಿಯು ಆಗ್ರಾದಲ್ಲಿ ಮರಣ ಹೊಂದಿದನು. ಸುದ್ದಿಯು ಜೌನಪುರವನ್ನು ಮುಟ್ಟಿದಾಗ ಬನಾರಸೀದಾಸರು ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಕೇಳಿದೊಡನೆ ತತ್ತರಿಸಿ ಬಿದ್ದು ಹಣೆ ಒಡೆದು ರಕ್ತ ಹರಿಯಿತು. ನಗರದಲ್ಲಿ ಅಂಗಡಿಗಳು ಮುಚ್ಚಿದವು. ಸಿರಿವಂತರು ಒಡವೆಗಳನ್ನು ನೆಲದಲ್ಲಿ ಹೂತು, ಒರಟು ಬಟ್ಟೆಯನ್ನುಟ್ಟು ಬಡವರಂತೆ ತಿರುಗಿದರು. ಜಹಾಂಗೀರನು ಪಟ್ಟಕ್ಕೆ ಬಂದನೆಂಬ ಪತ್ರ ಬಂದ ಮೇಲೆ ಸುಮಾರು ಹತ್ತು ದಿನಗಳ ಆ ಭೀತಿಯು ಅಡಗಿತು. ಗಾಯವು ಮಾಯುತ್ತಿದ್ದಂತೆ ತರುಣನಲ್ಲಿ ಒಂದು ವಿಚಾರ ಮೂಡಿತು. ಇಷ್ಟು ದಿನ ಪೂಜಿಸಿದ ಶಂಖವು ಬಿದ್ದಾಗ ಹಿಡಿಯಲಿಲ್ಲವಲ್ಲ ಎಂದು ಯೋಚಿಸಿ, ಅದರ ಪೂಜೆಯನ್ನು ನಿಲ್ಲಿಸಿದರು. ಸ್ವಲ್ಪ ಕಾಲಾನಂತರ ಒಂದು ಸಂಜೆ ಮಿತ್ರರೊಡನೆ ಗೋಮತೀ ನದಿಯ ಸೇತುವೆಯ ಮೇಲೆ ತಮ್ಮ ಶೃಂಗಾರಕಾವ್ಯವನ್ನು ಓದುತ್ತಿರುವಾಗ, ಒಂದು ಸುಳ್ಳಿಗೇ ದುರ್ಗತಿಯಿರುವಾಗ ಕಲ್ಪಿತ ಮಾತುಗಳ ಈ ರಾಶಿಗೆ ಏನು ಗತಿಯೆಂಬ ಶಂಕೆ ಅವರನ್ನು ಕಾಡಿತು. ಸಾವಿರ ಪದ್ಯಗಳ ಆ ಹೊತ್ತಗೆಯನ್ನು ಒಡನೆಯೇ ನದಿಗೆ ಎಸೆದರು. ಮಿತ್ರರು ಹಾಹಾಕಾರ ಮಾಡಿದರು. ಹಾಳೆಗಳು ತೇಲಿಹೋದವು.

ಅಂದಿನಿಂದ ಅವರು ನಿಯಮನಿಷ್ಠ ಶ್ರಾವಕರಾದರು. ಜಿನದರ್ಶನವಿಲ್ಲದೆ ಆಹಾರವಿಲ್ಲ, ಹದಿನಾಲ್ಕು ನಿಯಮಗಳು, ಸಾಮಾಯಿಕ, ಪ್ರತಿಕ್ರಮಣ ಎಲ್ಲವೂ ಕಾಲಕಾಲಕ್ಕೆ ನಡೆದವು. ತಂದೆಗೆ ಹರ್ಷವಾಯಿತು, ಊರು ಮೆಚ್ಚಿತು. ಈ ನಿಷ್ಠೆಯು ಸುಳ್ಳಲ್ಲ. ಆದರೆ ಅದು ಪಶ್ಚಾತ್ತಾಪದಿಂದ ಹುಟ್ಟಿ ಅಭ್ಯಾಸದಿಂದ ಬೆಳೆದದ್ದು. ತತ್ತ್ವದ ಅರಿವು ಅದಕ್ಕೆ ಇನ್ನೂ ದೊರೆತಿರಲಿಲ್ಲ.

ವ್ಯಾಪಾರ ಮತ್ತು ವಿಯೋಗ

1610ರಲ್ಲಿ ಖರಗಸೇನರು ಮನೆಯ ಭಾರವನ್ನು ಮಗನಿಗೆ ಒಪ್ಪಿಸಿದರು. ರತ್ನಗಳು, 20 ಮಣ ತುಪ್ಪ, ಎಣ್ಣೆ, ಜೌನಪುರದ ಬಟ್ಟೆ ಇವನ್ನು ಪಟ್ಟಿ ಮಾಡಿ ಕೊಟ್ಟು ಆಗ್ರಾಕ್ಕೆ ಕಳುಹಿಸಿದರು. ಇಪ್ಪತ್ತನಾಲ್ಕರ ಬನಾರಸೀದಾಸರಿಗೆ ಪೇಟೆಯ ಮರ್ಮ ತಿಳಿದಿರಲಿಲ್ಲ. ಇಜಾರದ ಲಾಡಿಗೆ ಕಟ್ಟಿದ್ದ ರತ್ನಗಳು ಎಲ್ಲಿಯೋ ಉದುರಿಹೋದವು. ಉಳಿದ ಸರಕು ಕೈಗೆ ಬಂದ ಬೆಲೆಗೆ ಹೋಯಿತು. ಬಂಡವಾಳವೆಲ್ಲ ಕರಗಿದ ಮೇಲೆ ಬೀದಿಗೆ ಮುಖ ತೋರಿಸಲು ನಾಚಿ, ಮನೆಯಲ್ಲಿಯೇ ಕುಳಿತು ರಾತ್ರಿ ಹೊತ್ತು ‘ಮಧುಮಾಲತಿ’, ‘ಮೃಗಾವತಿ’ ಎಂಬ ಪ್ರೇಮಕಥೆಗಳನ್ನು ನೆರೆದವರಿಗೆ ಓದಿಹೇಳುತ್ತಿದ್ದರು. ಕೇಳಲು ಬರುತ್ತಿದ್ದ ಕಚೋರಿ ವ್ಯಾಪಾರಿಯೊಬ್ಬನು ತಿಂಗಳುಗಟ್ಟಲೆ ಉದ್ರಿಯಾಗಿ ಕಚೋರಿ ಕೊಟ್ಟು ಅವರ ಹಸಿವನ್ನು ತಣಿಸಿದನು. ಹಣದ ಮಾತು ತೆಗೆದಾಗಲೂ ಆ ಬಡವನು ಅವರನ್ನು ನೋಯಿಸಲಿಲ್ಲ.

ಬಳಿಕ ಪಾಲುಗಾರಿಕೆಯಲ್ಲಿ ಎರಡು ವರ್ಷ ದುಡಿದರು. ಲೆಕ್ಕ ತೀರಿಸಿದಾಗ ಗಳಿಸಿದ್ದೂ 200 ರೂಪಾಯಿ, ಖರ್ಚಾದದ್ದೂ 200 ರೂಪಾಯಿ. ಬರಿಗೈಯಲ್ಲಿ ಖೈರಾಬಾದಿಗೆ ಹೋದಾಗ ಪತ್ನಿಯು ತಾನು ಗುಟ್ಟಾಗಿ ಕೂಡಿಟ್ಟಿದ್ದ 20 ರೂಪಾಯಿಗಳನ್ನು ಅವರ ಕೈಗಿತ್ತಳು. ಅವಳ ತಾಯಿಯು 200 ರೂಪಾಯಿ ಕೊಟ್ಟು ಮತ್ತೆ ವ್ಯಾಪಾರಕ್ಕೆ ಹಚ್ಚಿದಳು. ಆ ಸಾಧ್ವಿಯು ಹೆಚ್ಚು ಕಾಲ ಬದುಕಲಿಲ್ಲ. ಅವಳ ಮರಣದ ವಾರ್ತೆಯೂ, ಅವಳ ತಂಗಿಯೊಡನೆ ನಿಶ್ಚಯವಾದ ಸಂಬಂಧದ ವಾರ್ತೆಯೂ ಒಂದೇ ಬಾರಿಗೆ ಬಂದು ತಲುಪಿದವು. ಪ್ರಯಾಣಮಧ್ಯದಲ್ಲಿ ಖೋಟಾ ನಾಣ್ಯದ ಆರೋಪಕ್ಕೆ ಸಿಕ್ಕಿ, ಶೂಲಕ್ಕೇರುವ ಭೀತಿಯಲ್ಲಿ ಒಂದು ರಾತ್ರಿಯನ್ನು ಕಳೆದು, ಪರಿಚಿತರ ಸಾಕ್ಷ್ಯದಿಂದ ಪಾರಾದದ್ದೂ ಉಂಟು. ಪ್ರಾಣಮಿತ್ರನಾದ ನರೋತ್ತಮದಾಸನು ಅಕಾಲದಲ್ಲಿ ತೀರಿಕೊಂಡನು. 1616ರಲ್ಲಿ ತಂದೆ ಸ್ವರ್ಗಸ್ಥರಾದರು. ಅದೇ ಸುಮಾರಿಗೆ ಆಗ್ರಾಕ್ಕೆ ಪ್ಲೇಗು ಹೊಕ್ಕಿತು. ಮೈಯಲ್ಲಿ ಗಂಟು ಕಂಡೊಡನೆ ಜನ ಸಾಯುತ್ತಿದ್ದರು. ಬನಾರಸೀದಾಸರು ಹತ್ತಿರದ ಹಳ್ಳಿಯಲ್ಲಿ ಆಶ್ರಯ ಪಡೆದು ಬದುಕಿದರು. ಆಮೇಲೆ ತಾಯಿ ಮತ್ತು ಪತ್ನಿಯೊಡನೆ ಅಹಿಚ್ಛತ್ರ, ಹಸ್ತಿನಾಪುರಗಳ ಯಾತ್ರೆ ಮಾಡಿ ಬಂದರು.

ಮಕ್ಕಳು ಹುಟ್ಟುತ್ತಿದ್ದರು, ಉಳಿಯುತ್ತಿರಲಿಲ್ಲ. ವ್ಯಾಪಾರವು ಕ್ರಮೇಣ ಒಂದು ಹದಕ್ಕೆ ಬಂದಿತು. ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ, ಪೇಟೆಯಲ್ಲಿ ಹೆಸರಿದ್ದ, ನಿತ್ಯನಿಯಮಗಳನ್ನು ಬಿಡದ ಗೃಹಸ್ಥರಾಗಿ ಮೂವತ್ತೇಳನೆಯ ವರ್ಷವನ್ನು ಮುಟ್ಟಿದರು. ಹೊರಗಿನಿಂದ ನೋಡುವವರಿಗೆ ಅದು ಸ್ಥಿರಗೊಂಡ ಬಾಳು. ಒಳಗೆ ಮಾತ್ರ ಇಷ್ಟೆಲ್ಲ ಸಾವುಗಳಿಗೆ ಉತ್ತರವಿರಲಿಲ್ಲ. ಅವರ ಪ್ರತಿಕ್ರಮಣದ ಪಾಠವು ತುಟಿಯ ಮೇಲೆ ನಡೆಯುತ್ತಿತ್ತು; ಒಳಗಿನ ಪ್ರಶ್ನೆಗೆ ಅದು ತಾಗುತ್ತಿರಲಿಲ್ಲ.

ಸಮಯಸಾರದ ದರ್ಶನ

ಸಂವತ್ 1680, ಕ್ರಿ.ಶ. 1623. ಮಾವನ ಮನೆಯ ಊರಾದ ಖೈರಾಬಾದಿನಲ್ಲಿ ಅಧ್ಯಾತ್ಮಪ್ರಿಯನಾದ ಅರಥಮಲ್ಲನೆಂಬ ಶ್ರಾವಕನ ಪರಿಚಯವಾಯಿತು. ಅವನು ಕುಂದಕುಂದಾಚಾರ್ಯರ ‘ಸಮಯಸಾರ’ಕ್ಕೆ ಸಂಬಂಧಿಸಿದ, ಪಾಂಡೆ ರಾಜಮಲ್ಲರು ದೇಶಭಾಷೆಯಲ್ಲಿ ಬರೆದ ಟೀಕೆಯನ್ನು ಕೊಟ್ಟು, ಇದನ್ನು ವಿಚಾರ ಮಾಡಬೇಕೆಂದು ಪ್ರೇರೇಪಿಸಿದನು. ಬನಾರಸೀದಾಸರು ಅದನ್ನು ಮತ್ತೆ ಮತ್ತೆ ಓದಿದರು. ದೇಹವು ಆತ್ಮವಲ್ಲ, ಕರ್ಮವು ಆತ್ಮವಲ್ಲ, ಪುಣ್ಯವೂ ಪಾಪದಂತೆಯೇ ಬಂಧನ, ಶುದ್ಧ ಜ್ಞಾನಸ್ವರೂಪವೊಂದೇ ತನ್ನದು. ಈ ದೃಷ್ಟಿಯು ಅವರಿಗೆ ಸಿಡಿಲಿನಂತೆ ಎರಗಿತು. ಸತ್ತ ಮಕ್ಕಳು, ಕಳೆದುಹೋದ ರತ್ನಗಳು, ಹೆಸರು, ಅಂಗಡಿ, ಕಡೆಗೆ ತಾವು ಇಷ್ಟು ವರ್ಷ ಲೆಕ್ಕವಿಟ್ಟು ಮಾಡಿದ ಸಾಮಾಯಿಕ, ಎಲ್ಲವೂ ಹೊರಗಿನವಾಗಿ ತೋರಿದವು.

ತೋರಿದ್ದು ನಿಜವೇ. ಆದರೆ ಅರ್ಧ ನಿಜ. ಸಮಯಸಾರವು ನಿಶ್ಚಯನಯದಿಂದ ಆತ್ಮಸ್ವರೂಪವನ್ನು ನಿರೂಪಿಸುವ ಗ್ರಂಥ. ಪರಮಭಾವವನ್ನು ಕಂಡವರಿಗೆ ಶುದ್ಧನಯವೆಂದೂ, ಕೆಳಗಿನ ಭೂಮಿಕೆಯಲ್ಲಿ ನಿಂತವರಿಗೆ ವ್ಯವಹಾರದ ಉಪದೇಶ ತಕ್ಕದ್ದೆಂದೂ ಆಚಾರ್ಯರು ಆ ಗ್ರಂಥದಲ್ಲಿಯೇ ಎಚ್ಚರಿಸಿದ್ದಾರೆ. ಗುರುಮುಖವಿಲ್ಲದೆ ಒಬ್ಬರೇ ಕುಳಿತು ಓದಿದ ಬನಾರಸೀದಾಸರಿಗೆ ಆ ಎಚ್ಚರಿಕೆಯು ಮುಟ್ಟಲಿಲ್ಲ. ಕ್ರಿಯೆಯು ಜಡವೆಂಬುದು ಮನಸ್ಸಿಗೆ ಹತ್ತಿತು. ಕ್ರಿಯೆಯಿಲ್ಲದೆ ನಿಲ್ಲುವ ಶಕ್ತಿ ತಮಗಿದೆಯೇ ಎಂಬ ಪ್ರಶ್ನೆ ಹುಟ್ಟಲಿಲ್ಲ. ಜಪ, ತಪ, ಸಾಮಾಯಿಕ, ಪ್ರತಿಕ್ರಮಣ ಒಂದೊಂದಾಗಿ ಬಿಟ್ಟುಹೋದವು. ಯೌವನದ ಪಶ್ಚಾತ್ತಾಪದಲ್ಲಿ ಹಿಡಿದ ನಿಯಮಗಳೂ ಸಡಿಲಿದವು. ಒಂದು ಕಡೆ ‘ಜ್ಞಾನಪಚ್ಚೀಸಿ’, ‘ಧ್ಯಾನಬತ್ತೀಸಿ’ ಮೊದಲಾದ ಅಧ್ಯಾತ್ಮರಚನೆಗಳು ಹೊರಬಂದವು; ಇನ್ನೊಂದು ಕಡೆ ನಡತೆಯು ಕೆಳಗಿಳಿಯಿತು.

ಚಂದ್ರಭಾನ, ಉದಯಕರಣ, ಥಾನಮಲ್ಲ ಎಂಬ ಮೂವರು ಮಿತ್ರರು ಅವರ ಜೊತೆಗೂಡಿದರು. ದೇವರಿಗೆ ಅರ್ಪಿಸಿದ ನೈವೇದ್ಯವನ್ನೇ ತಿನ್ನುವಷ್ಟು ಸ್ವೇಚ್ಛೆ ಬೆಳೆಯಿತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾಲ್ವರೂ ಬಟ್ಟೆ ಕಳಚಿ ಕುಣಿದು, ತಾವೇ ಅಪರಿಗ್ರಹಿಗಳಾದ ಮುನಿಗಳೆಂದು ಹಾಸ್ಯ ಮಾಡುತ್ತಿದ್ದರು. ಪೂಜ್ಯವಾದುದೆಲ್ಲ ವಿನೋದದ ವಸ್ತುವಾಯಿತು. ಊರಿನ ಶ್ರಾವಕರು ಅವರಿಗೆ ‘ಖೋಸರಾಮತಿ’ ಎಂಬ ನಿಂದೆಯ ಹೆಸರನ್ನಿಟ್ಟರು. ಅವರು ಪ್ರಸಿದ್ಧರಾಗಿದ್ದುದರಿಂದ ಅಪವಾದವೂ ದೂರದವರೆಗೆ ಹಬ್ಬಿತು. ಕ್ರಿಯೆಯ ರುಚಿ ಹೋಯಿತು, ಆತ್ಮದ ರುಚಿ ಸಿಕ್ಕಲಿಲ್ಲ. ಭೂಮಿಗೂ ಆಕಾಶಕ್ಕೂ ನಡುವೆ ನೆಲೆಯಿಲ್ಲದೆ ತೂಗಾಡಿದ ಸ್ಥಿತಿಯದು. ಹೀಗೆ ಹನ್ನೆರಡು ವರ್ಷಗಳು ಕಳೆದವು.

ವ್ರತೋಪವಾಸಗಳನ್ನು ಆಚರಿಸುವವರು ಈ ಪ್ರಕರಣವನ್ನು ಓದಿ ಅವರನ್ನು ಹೀನಾಯವಾಗಿ ಕಾಣುವುದು ಸುಲಭ. ಆದರೆ ಮೊದಲಿನ ನಿಷ್ಠೆಗೂ ನಡುವಣ ಸ್ವೇಚ್ಛೆಗೂ ಬೇರು ಒಂದೇ ಎಂಬುದನ್ನು ಮರೆಯಬಾರದು. ಹಾಲುತುಪ್ಪಗಳನ್ನು ಬಿಟ್ಟರೆ ಫಲ ದೊರೆಯುವುದೆಂಬ ಲೆಕ್ಕದಲ್ಲಿಯೂ, ಬಿಡುವುದರಿಂದ ಏನೂ ಇಲ್ಲವೆಂಬ ಉಡಾಫೆಯಲ್ಲಿಯೂ ಗಮನವಿದ್ದದ್ದು ವಸ್ತುವಿನ ಮೇಲೆಯೇ. ಅಷ್ಟಮೀ ಚತುರ್ದಶಿಗಳಲ್ಲಿ ಅನ್ನವನ್ನು ಬಿಟ್ಟು ಕೋಪವನ್ನು ಉಣ್ಣುವವನೂ, ಕೋಪವೇ ಮುಖ್ಯ ಅನ್ನವಲ್ಲವೆಂದು ಹೇಳಿ ಎರಡನ್ನೂ ಉಣ್ಣುವವನೂ ಒಂದೇ ದಾರಿಯ ಎರಡು ಬದಿಗಳಲ್ಲಿ ನಿಂತಿರುತ್ತಾರೆ.

ಗೊಮ್ಮಟಸಾರದ ಬೆಳಕು

ಸಂವತ್ 1692, ಕ್ರಿ.ಶ. 1635ರಲ್ಲಿ ಪಂಡಿತ ರೂಪಚಂದ್ರರು ಆಗ್ರಾಕ್ಕೆ ಬಂದು ತಿಹುನಾ ಸಾಹುವಿನ ಜಿನಾಲಯದಲ್ಲಿ ಇಳಿದುಕೊಂಡರು. ಅಧ್ಯಾತ್ಮಗೋಷ್ಠಿಯ ಶ್ರಾವಕರೆಲ್ಲ ಸೇರಿ ‘ಗೊಮ್ಮಟಸಾರ’ದ ಪ್ರವಚನ ಮಾಡಬೇಕೆಂದು ಅವರನ್ನು ಕೇಳಿಕೊಂಡರು. ನಲವತ್ತೊಂಬತ್ತು ವರ್ಷದ ಬನಾರಸೀದಾಸರು ಶ್ರೋತೃಗಳ ನಡುವೆ ಕುಳಿತರು.

ಗೊಮ್ಮಟಸಾರವು ಕನ್ನಡನಾಡಿಗೆ ಹತ್ತಿರದ ಗ್ರಂಥ. ಹತ್ತನೆಯ ಶತಮಾನದಲ್ಲಿ ಸಿದ್ಧಾಂತಚಕ್ರವರ್ತಿ ನೇಮಿಚಂದ್ರಾಚಾರ್ಯರು ಗಂಗರಾಜ್ಯದ ಮಂತ್ರಿ ಚಾವುಂಡರಾಯನಿಗಾಗಿ ಇದನ್ನು ಸಂಗ್ರಹಿಸಿದರು. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮಹಾಮೂರ್ತಿಯನ್ನು ನಿಲ್ಲಿಸಿದ ಆ ಚಾವುಂಡರಾಯನಿಗೆ ಗೊಮ್ಮಟನೆಂಬ ಹೆಸರೂ ಇದ್ದುದರಿಂದ ಗ್ರಂಥಕ್ಕೆ ಆ ನಾಮಧೇಯ ಬಂದಿತು. 1359ರಲ್ಲಿ ಕೇಶವವರ್ಣಿಗಳು ಇದಕ್ಕೆ ಕನ್ನಡದಲ್ಲಿ ವೃತ್ತಿಯನ್ನು ರಚಿಸಿದರು. ಬೆಳಗೊಳದ ಬೆಟ್ಟದ ನೆರಳಿನಲ್ಲಿ ಪ್ರಸಿದ್ಧಿಗೆ ಬಂದ ಗ್ರಂಥವು ಆರೂವರೆ ಶತಮಾನಗಳ ಬಳಿಕ ಯಮುನಾತೀರದ ಒಬ್ಬ ವರ್ತಕನ ಬಾಳನ್ನು ಎತ್ತಿ ನಿಲ್ಲಿಸಿತು.

ರೂಪಚಂದ್ರರು ಹದಿನಾಲ್ಕು ಗುಣಸ್ಥಾನಗಳ ಕ್ರಮವನ್ನು ವಿವರಿಸಿದರು. ಮಿಥ್ಯಾತ್ವದಿಂದ ಮೊದಲುಗೊಂಡು ಅಯೋಗಕೇವಲಿಯವರೆಗೆ ಜೀವವು ಏರುವ ಮೆಟ್ಟಿಲುಗಳಿವು. ನಾಲ್ಕನೆಯದರಲ್ಲಿ ಸಮ್ಯಗ್ದರ್ಶನವುಂಟು, ವ್ರತವಿನ್ನೂ ಇಲ್ಲ. ಐದನೆಯದರಲ್ಲಿ ಶ್ರಾವಕನ ಅಣುವ್ರತಗಳು ನೆಲೆಗೊಳ್ಳುತ್ತವೆ. ಆರನೆಯದರಿಂದ ಮುನಿಯ ಮಹಾವ್ರತದ ಕ್ಷೇತ್ರ. ಪ್ರತಿಯೊಂದು ಸ್ಥಾನಕ್ಕೂ ಅದರದರ ಅರಿವು, ಅದರದರ ಆಚರಣೆ. ಮೇಲಿನ ಮೆಟ್ಟಿಲಿನ ಮಾತನ್ನು ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಆಡಿದರೆ ಏರಿದಂತಾಗುವುದಿಲ್ಲ. ಕೆಳಗಿನ ಮೆಟ್ಟಿಲನ್ನು ಕಿತ್ತುಹಾಕಿದರೆ ಮೇಲಿನದೂ ದಕ್ಕುವುದಿಲ್ಲ. ನಿಶ್ಚಯವು ಗುರಿಯನ್ನು ತೋರುವುದು, ವ್ಯವಹಾರವು ನಿಂತ ನೆಲವನ್ನು ತೋರುವುದು. ಎರಡು ನಯಗಳಲ್ಲಿ ಒಂದನ್ನೇ ಹಿಡಿದು ಎಳೆದರೆ ಅದು ಏಕಾಂತವಾಗುವುದು.

ಹನ್ನೆರಡು ವರ್ಷಗಳ ಗಂಟು ಬಿಚ್ಚಿಕೊಂಡಿತು. ಸಮಯಸಾರವು ಸುಳ್ಳಾಗಲಿಲ್ಲ, ಅದನ್ನು ಓದಿದ ತಾವು ಎಲ್ಲಿ ನಿಂತಿರುವೆವೆಂಬುದು ತಿಳಿಯಿತು. ಬಿಟ್ಟ ನಿಯಮಗಳೂ ಬೇರೆಯಾಗಿ ಕಂಡವು. ಅವು ಫಲವನ್ನು ಕೊಳ್ಳುವ ಹಣವಲ್ಲ, ಸತ್ತ ರೂಢಿಯೂ ಅಲ್ಲ. ಕಷಾಯಗಳಿನ್ನೂ ಉಳಿದಿರುವ ಜೀವಕ್ಕೆ ತಕ್ಕ ಆಧಾರಗಳು. ಬನಾರಸೀದಾಸರು ಬೇರೊಬ್ಬ ಮನುಷ್ಯರೇ ಆದರು. ಜಿನಮಾರ್ಗದಲ್ಲಿ ಅವರ ಶ್ರದ್ಧೆಯು ದೃಢವಾಯಿತು. ಎರಡು ವರ್ಷಗಳ ಬಳಿಕ ರೂಪಚಂದ್ರರು ಕಾಲವಶರಾದರೂ ಅವರು ಹಚ್ಚಿದ ದೀಪವು ಆರಲಿಲ್ಲ.

ಮರುವರ್ಷವೇ, ಸಂವತ್ 1693ರಲ್ಲಿ, ಬನಾರಸೀದಾಸರ ಶ್ರೇಷ್ಠ ಕೃತಿಯಾದ ‘ಸಮಯಸಾರ ನಾಟಕ’ವು ಪೂರ್ಣಗೊಂಡಿತು. ಕುಂದಕುಂದರ ಗ್ರಂಥಕ್ಕೆ ಅಮೃತಚಂದ್ರಾಚಾರ್ಯರು ರಚಿಸಿದ ಕಲಶಶ್ಲೋಕಗಳನ್ನೂ ರಾಜಮಲ್ಲರ ಟೀಕೆಯನ್ನೂ ಆಧರಿಸಿದ ಈ ಕಾವ್ಯದ ಕೊನೆಯಲ್ಲಿ, ಮೂಲದಲ್ಲಿಲ್ಲದ ಗುಣಸ್ಥಾನಗಳ ಪ್ರಕರಣವನ್ನು ಕವಿಯು ತಾವಾಗಿ ಸೇರಿಸಿದರು. ತಾವು ಎಡವಿದ ಸ್ಥಳದಲ್ಲಿ ಮುಂದೆ ಬರುವ ಓದುಗನು ಎಡವದಿರಲೆಂದು ಇಟ್ಟ ದೀಪವದು. ಕುಂವರಪಾಲ, ಚತುರ್ಭುಜ, ಭಗವತೀದಾಸ, ಧರ್ಮದಾಸ ಮೊದಲಾದ ಮಿತ್ರರ ಗೋಷ್ಠಿಯು ಅವರೊಡನಿದ್ದಿತು. ಹಿಂದೆ ಮುಚ್ಚಿದ ಕೋಣೆಯಲ್ಲಿ ಕುಣಿದವರು ಈಗ ಒಟ್ಟಿಗೆ ಕುಳಿತು ತತ್ತ್ವಚರ್ಚೆ ನಡೆಸುವವರ ನಡುವೆ ದಿನ ಕಳೆದರು. ರತ್ನದ ವ್ಯಾಪಾರದಲ್ಲಿ ಕಾಣದ ತೃಪ್ತಿಯನ್ನು ಅವರು ಕಂಡದ್ದು ಈ ಗೋಷ್ಠಿಯಲ್ಲಿ.

ಕೊನೆಯ ಪರೀಕ್ಷೆ

ಜ್ಞಾನ ದೊರೆತ ಮಾತ್ರಕ್ಕೆ ಕರ್ಮದ ಉದಯವು ನಿಲ್ಲುವುದಿಲ್ಲ. ಮೂರು ವಿವಾಹಗಳಿಂದ ಬನಾರಸೀದಾಸರಿಗೆ ಏಳು ಗಂಡು, ಎರಡು ಹೆಣ್ಣು ಎಂದು ಒಂಬತ್ತು ಮಕ್ಕಳು ಹುಟ್ಟಿದ್ದರು. ಎಂಟು ಮಕ್ಕಳು ಮೊದಲೇ ಹೋಗಿದ್ದವು. ಉಳಿದಿದ್ದ ಒಬ್ಬನೇ ಮಗನು ಸಂವತ್ 1696ರಲ್ಲಿ, ಕ್ರಿ.ಶ. 1639ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ದೇಹವು ಆತ್ಮವಲ್ಲವೆಂದು ನೂರಾರು ಪದ್ಯಗಳಲ್ಲಿ ಹಾಡಿದ ಕವಿಯು ಕುಸಿದರು. ಎಲೆಗಳೆಲ್ಲ ಉದುರಿ ಬೋಳಾದ ಎರಡು ಮರಗಳಂತೆ ಪತಿಪತ್ನಿಯರಿಬ್ಬರೇ ಉಳಿದರು. ಮೋಹದ ಬಲವು ಎಷ್ಟೆಂಬುದನ್ನು ಅವರು ಮುಚ್ಚಿಡಲಿಲ್ಲ. ಆದರೆ ಈ ಸಲ ಅವರು ಯಾವ ಶಂಖವನ್ನೂ ಹಿಡಿಯಲಿಲ್ಲ, ಯಾವ ಕ್ರಿಯೆಯನ್ನೂ ಹಳಿಯಲಿಲ್ಲ. ದುಃಖವನ್ನು ದುಃಖವೆಂದೂ, ಅದು ತಮ್ಮಲ್ಲಿ ಇನ್ನೂ ಉಳಿದಿರುವ ಮೋಹನೀಯದ ಉದಯವೆಂದೂ ಅರಿತು ಸಹಿಸಿದರು.

ಆ ಮರಣದ ಎರಡು ವರ್ಷಗಳ ತರುವಾಯ ಅರ್ಧಕಥಾನಕವು ರಚಿತವಾಯಿತು. ಅದರ ಕೊನೆಯಲ್ಲಿ ಅವರು ತಮ್ಮ ಗುಣದೋಷಗಳನ್ನು ವರ್ತಕನು ಜಮಾಖರ್ಚು ಬರೆಯುವಂತೆ ಬರೆದಿದ್ದಾರೆ. ಅಧ್ಯಾತ್ಮಕಾವ್ಯದಲ್ಲಿ ನೈಪುಣ್ಯ, ಕ್ಷಮೆ, ಸಂತೋಷ, ಸಂಸ್ಕೃತ ಪ್ರಾಕೃತಗಳ ಶುದ್ಧ ಉಚ್ಚಾರಣೆ, ದೇಶಭಾಷೆಗಳ ಪರಿಚಯ ಇವು ಜಮೆಯ ಕಡೆ. ಖರ್ಚಿನ ಕಡೆ ಧನಲೋಭವುಂಟು, ಅಲ್ಪ ಲಾಭಕ್ಕೆ ಹಿಗ್ಗು, ಅಲ್ಪ ನಷ್ಟಕ್ಕೆ ಕುಗ್ಗು, ಸಭ್ಯವಲ್ಲದ ಮಾತನ್ನಾಡಲು ನಾಚದಿರುವುದು, ಕಟ್ಟುಕಥೆಯನ್ನು ನಿಜವೆಂಬಂತೆ ಹೇಳುವುದು, ಏಕಾಂತದಲ್ಲಿ ಕುಣಿಯುವುದು, ಕಾರಣವಿಲ್ಲದೆ ಒಮ್ಮೊಮ್ಮೆ ಹೆದರುವುದು. ಜಪ, ತಪ, ಸಂಯಮಗಳ ಕ್ರಮವಾಗಲಿ, ದಾನಪೂಜೆಗಳಲ್ಲಿ ಪ್ರೀತಿಯಾಗಲಿ ತಮ್ಮಲ್ಲಿ ಇಲ್ಲವೆಂದೂ ಅವರು ಆ ಪಟ್ಟಿಯಲ್ಲಿ ಸೇರಿಸಿದರು. ತಮ್ಮನ್ನು ಉತ್ತಮರೆಂದೂ ಎಣಿಸಲಿಲ್ಲ, ಅಧಮರೆಂದೂ ಎಣಿಸಲಿಲ್ಲ. ಮಧ್ಯಮರ ಸಾಲಿನಲ್ಲಿ ನಿಲ್ಲಿಸಿಕೊಂಡರು.

ಈ ಕೊನೆಯ ಮಾತೇ ಅವರ ಬದುಕಿನ ಬೆಲೆಯುಳ್ಳ ಭಾಗ. ಮೂವತ್ತೇಳರಲ್ಲಿ ಸಂಯಮವಿಲ್ಲದಿರುವುದನ್ನು ಅವರು ಜ್ಞಾನವೆಂದು ಕರೆದಿದ್ದರು. ಐವತ್ತೈದರಲ್ಲಿ ಅದನ್ನೇ ದೋಷವೆಂದು ಬರೆದರು. ಆಚರಣೆಯು ಎಷ್ಟು ಹೆಚ್ಚಿತೆಂಬುದನ್ನು ಅವರು ಕೊಚ್ಚಿಕೊಳ್ಳಲಿಲ್ಲ. ಕೊರತೆಯನ್ನು ಕೊರತೆಯೆಂದು ಕಾಣುವ ದೃಷ್ಟಿ ಮಾತ್ರ ಶುದ್ಧವಾಯಿತು. ಪ್ರತಿಕ್ರಮಣವೆಂದರೆ ಮಾಡಿದ ದೋಷಗಳಿಂದ ಹಿಂದಿರುಗುವುದು. ಬಾಲ್ಯದಲ್ಲಿ ಭಾನುಚಂದ್ರರಿಂದ ಕಂಠಪಾಠ ಮಾಡಿ, ಯೌವನದಲ್ಲಿ ತಪ್ಪದೆ ಪಠಿಸಿ, ನಡುವೆ ತೊರೆದ ಆ ಕ್ರಿಯೆಯು ಅರ್ಧಕಥಾನಕದ ರೂಪದಲ್ಲಿ ನಿಜವಾಗಿ ನೆರವೇರಿತೆಂದು ಹೇಳಬಹುದು.

ಉಳಿದರ್ಧದ ಕಥೆಯನ್ನು ಬರೆಯುವ ಅವಕಾಶ ಅವರಿಗೆ ದೊರೆಯಲಿಲ್ಲ. ಗ್ರಂಥರಚನೆಯಾದ ಎರಡು ವರ್ಷಗಳಲ್ಲಿ, 1643ರ ಸುಮಾರಿಗೆ, ಅವರು ದೇಹತ್ಯಾಗ ಮಾಡಿದರೆಂದು ಎಣಿಸಲಾಗಿದೆ. 1644ರಲ್ಲಿ ಆಗ್ರಾದ ಜಗಜೀವನರು ಅವರ ಬಿಡಿ ರಚನೆಗಳನ್ನು ‘ಬನಾರಸೀ ವಿಲಾಸ’ವೆಂಬ ಹೆಸರಿನಲ್ಲಿ ಕೂಡಿಸಿದರು. ಅವರಿಂದ ಬಲಗೊಂಡ ಆಗ್ರಾದ ಅಧ್ಯಾತ್ಮಗೋಷ್ಠಿಯ ಪ್ರಭಾವವು ಮುಂದೆ ಜಯಪುರದ ಕಡೆಗೂ ಹಬ್ಬಿ, ಹದಿನೆಂಟನೆಯ ಶತಮಾನದಲ್ಲಿ ಪಂಡಿತ ಟೋಡರಮಲ್ಲರಂತಹ ವಿದ್ವಾಂಸರಿಗೆ ಹಿನ್ನೆಲೆಯಾಯಿತು. 1943ರಲ್ಲಿ ಪಂಡಿತ ನಾಥೂರಾಮ ಪ್ರೇಮಿಯವರು ಅರ್ಧಕಥಾನಕವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಅದು ಜೈನೇತರ ಓದುಗರಿಗೂ ಪ್ರಿಯವಾಯಿತು.

ನಡುವಯಸ್ಸಿಗೆ ಬಂದ ಗೃಹಸ್ಥನು ತಾನು ಕಟ್ಟಿದ್ದು, ಕಳೆದುಕೊಂಡದ್ದು, ನಂಬಿದ್ದು ಇವನ್ನೆಲ್ಲ ಮತ್ತೆ ತೂಗಿ ನೋಡುವ ಕಾಲ ಒಮ್ಮೆ ಬಂದೇ ಬರುವುದು. ಆಗ ಹಳೆಯ ನಿಯಮಗಳೆಲ್ಲ ಹುರುಳಿಲ್ಲದವೆಂದು ತೋರಿದರೆ ಗಾಬರಿಪಡಬೇಕಾದುದಿಲ್ಲ. ಅವನ್ನು ಒಡನೆಯೇ ಎಸೆದುಬಿಡಬೇಕಾದುದೂ ಇಲ್ಲ. ತಾನು ಯಾವ ಮೆಟ್ಟಿಲಿನಲ್ಲಿ ನಿಂತಿರುವೆನೆಂದು ತಿಳಿದವರ ಬಳಿ ಕುಳಿತು ಕೇಳಬೇಕು. ಬನಾರಸೀದಾಸರಿಗೆ ಅದನ್ನು ಕೇಳಲು ಹನ್ನೆರಡು ವರ್ಷ ಹಿಡಿಯಿತು. ಮುಂದಿನ ಪರ್ವದಿನ ಉಪವಾಸಕ್ಕೆ ಕುಳಿತ ಶ್ರಾವಕಶ್ರಾವಿಕೆಯರು ಸ್ವಾಧ್ಯಾಯದ ವೇಳೆಯಲ್ಲಿ ಈ ವರ್ತಕನ ಜಮಾಖರ್ಚಿನ ಪುಟವನ್ನು ನೆನೆದು, ತಮ್ಮದೂ ಒಂದು ಪುಟವನ್ನು ಬರೆದು ನೋಡಿದರೆ ಆ ದಿನದ ನಿರಾಹಾರವು ವ್ಯರ್ಥವಾಗದು.